ಚಂದವ್ವನ ಒಂದು ಫೋಟೊ

"ಜಾಗ ತುಂಬೇತ್ರಿ ಅಕ್ಕಾರ. ಅದಕ್ಕ ಫೋಟೊ ಮ್ಯಾಲ ಹೋಗವಲ್ಲವು," ಎಂದ ಮೊಬೈಲ್ ಅಂಗಡಿಯ ಸಿದ್ದಾರೂಢ, ಫೋನನ್ನು ಬೆಳಕಿಗೆ ಹಿಡಿದು.

"ನನ್ನ ಫೋಟೊ ಎಲ್ಲಾ ಸೇರಿ ನಾಕನೂರ ಇಲ್ಲ. ಅಷ್ಟಕ್ಕ ತುಂಬತೈತೇನ?"

ಸುನಂದಾಳ ದನಿಗೆ ಅಂಗಡಿಯ ಗಾಜು ಅದುರಿತು. ಹನ್ನೊಂದು ವರ್ಷ ಸಿಂದಗಿ-ಆಲಮೇಲ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಕೊನೆಯ ಸೀಟಿನವನಿಗೂ ಕೇಳುವಂತೆ ಮಾತಾಡಿಯೇ ರೂಢಿ. ಒಂದೂಕಾಲರ ಬಸ್ಸಿಗೆ ಇನ್ನು ಅರ್ಧ ತಾಸಿತ್ತು. ಅಷ್ಟರಲ್ಲಿ ಈ ಕೆಲಸ ಆಗಲೇಬೇಕಿತ್ತು. ನಿನ್ನೆ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದ ಫೋನಿನಲ್ಲಿ ಬೆಳಿಗ್ಗೆ ಒಂದು ಹಸಿರು ಗೆರೆ ಮೂಡಿತ್ತು. ಈಗ ಗೆರೆಗಳು ನಾಲ್ಕಾಗಿದ್ದವು. ಕೆಳಗಿನ ಅರ್ಧ ಪರದೆ ಬೆರಳಿನ ಮಾತೇ ಕೇಳುತ್ತಿರಲಿಲ್ಲ.

ಫೋನು ಹಾಳಾಗಿ ಹೋಗಲಿ, ಅದರ ಚಿಂತೆ ಅವಳಿಗಿರಲಿಲ್ಲ. ಅದರೊಳಗೆ ಅವ್ವನ ಒಂದು ಫೋಟೊ ಇತ್ತು.

ಚಂದವ್ವ ಹೆತ್ತ ಮಕ್ಕಳ ಮುಂದೆಯೂ ತಲೆಯ ಮೇಲಿನ ಸೆರಗು ಜಾರಗೊಟ್ಟವಳಲ್ಲ. ಆಸ್ಪತ್ರೆಯ ಔಷಧಿಗೆ ಕೂದಲೆಲ್ಲ ಉದುರಿದ ಮೇಲಂತೂ ನಿದ್ದೆಯಲ್ಲೂ ಸೆರಗು ಬಿಗಿಯಾಗಿರುತ್ತಿತ್ತು. ಹಾಗಿದ್ದವಳು ಒಂದು ಮಧ್ಯಾಹ್ನ ಅಂಗಳದ ಬಿಸಿಲಿಗೆ ಕೂತು, ಏನನ್ನಿಸಿತೋ, ಸೆರಗು ತೆಗೆದು ಬೋಳು ತಲೆ ಸವರಿಕೊಂಡು, "ಬದನಿಕಾಯಿ ಆಗೇತಿ ನೋಡ," ಎಂದು ಬಾಯ್ತುಂಬ ನಕ್ಕುಬಿಟ್ಟಳು. ಎಷ್ಟೋ ತಿಂಗಳ ಮೇಲಿನ ನಗು. ಸುನಂದಾ ತಟ್ಟನೆ ಫೋಟೊ ಹೊಡೆದಳು. ಅವ್ವ ಬೈಯಲಿಲ್ಲ. "ಇಟಗೋ. ಆದರ ಮತ್ತೊಬ್ಬರ ಕಣ್ಣಿಗೆ ಬೀಳಬಾರದ ನೋಡವಾ," ಎಂದಳು. ಅದಾಗಿ ಮೂರು ವಾರಕ್ಕೆ ತೀರಿಕೊಂಡಳು. ಒಡಹುಟ್ಟಿದ ತಮ್ಮನಿಗೂ ಸುನಂದಾ ಆ ಫೋಟೊ ಕಳಿಸಿರಲಿಲ್ಲ. ಮೇಲೆ ಕ್ಲೌಡಿಗೆ ಹೋದರೆ ಫೋನು ಸತ್ತರೂ ಉಳಿಯುತ್ತದೆ, ತನಗೊಬ್ಬಳಿಗೇ ಕಾಣುತ್ತದೆ ಎಂದು ನಂಬಿದ್ದಳು.

ಸಿದ್ದಾರೂಢ ಫೋನಿಗೆ ಒಂದು ಮೌಸು ಸಿಗಿಸಿದ. ಬೆರಳಿಗೆ ಓಗೊಡದ ಪರದೆ ಮೌಸಿಗೆ ಓಗೊಟ್ಟಿತು. ಅವನು ಕ್ಲೌಡಿನ ಆ್ಯಪ್ ತೆರೆದ, ಫೋಟೊಗಳು ಸಾಲಾಗಿ ಬಂದವು. ಯಾರದೋ ಟ್ರ್ಯಾಕ್ಟರ್. ಯಾರದೋ ಎತ್ತಿನ ಕಾಲಿನ ಗಾಯ. ಯಾರದೋ ನಿಶ್ಚಿತಾರ್ಥ. ನಡುವೆ ಸುನಂದಾಳದೇ ಮಗನ ಜಾವಳದ ಫೋಟೊ. ಆಮೇಲೆ ಒಬ್ಬ ಬಾಣಂತಿ, ಕೂಸಿಗೆ ಹಾಲೂಡಿಸುತ್ತಲೇ ನಿದ್ದೆಹೋದವಳು. ದಿನಾ ಆಲಮೇಲದಿಂದ ಬಸ್ಸು ಹತ್ತುತ್ತಿದ್ದ ಆಯೇಶಾ. ಸುನಂದಾ ಮುಖ ತಿರುಗಿಸಿದಳು.

"ಇವೆಲ್ಲಾ ನನ್ನ ಫೋನಿನ್ಯಾಗ ಹೆಂಗ ಬಂದ್ವು?"

ಸಿದ್ದಾರೂಢ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಎಂದು ಅವನಿಗೆ ಅನ್ನಿಸಿದಂತೆಯೂ ಕಾಣಲಿಲ್ಲ. ಹೊಸ ಫೋನು ಒಯ್ಯುವವರೆಲ್ಲ ಪಾಸ್ವರ್ಡ್ ಮರೆಯುತ್ತಾರೆ, ಮರೆತು ಬಂದು ಅವನ ತಲೆ ತಿನ್ನುತ್ತಾರೆ. ಅದಕ್ಕೇ ಅಂಗಡಿಯ ಹೆಸರಿನಲ್ಲಿ ಒಂದೇ ಖಾತೆ ತೆರೆದು ಎಲ್ಲರ ಫೋನಿಗೂ ಅದನ್ನೇ ಹಾಕಿದ್ದ. ನಲವತ್ತಾರು ಫೋನು. ಹದಿನೈದು ಜಿಬಿ ಜಾಗ. ಗ್ಯಾಲರಿ ಬಿಟ್ಟು ಈ ಆ್ಯಪಿನ ಕಡೆ ಯಾರೂ ಇಣುಕುವುದಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

"ನೀವೇನ ಕಾಳಜಿ ಮಾಡಬ್ಯಾಡ್ರಿ. ಇಲ್ಲೊಂದ ಲಗ್ನದ ವಿಡಿಯೋ ಐತಿ, ಅಳಸಿದ್ರ ಜಾಗ ಆಗತೈತಿ," ಎಂದವನೇ ಅಳಿಸಿಯೂ ಬಿಟ್ಟ. ಯಾರ ಲಗ್ನ ಎಂದು ನೋಡಲೂ ಇಲ್ಲ. ಪರದೆಯ ತುದಿಯಲ್ಲಿ ಸಣ್ಣ ಚಕ್ರ ತಿರುಗತೊಡಗಿತು. ಬಾಕಿ ಮೂವತ್ತೆಂಟು ಫೋಟೊ. ಮೂವತ್ತೇಳು. ಮೂವತ್ತಾರು.

ಅವ್ವ ಆ ಮೂವತ್ತೆಂಟರಲ್ಲಿದ್ದಳು. ಬೋಳು ತಲೆಯಲ್ಲಿ ನಗುತ್ತ ಹೊರಟಿದ್ದಳು, ನಲವತ್ತಾರು ಮನೆಗೆ.

ಸುನಂದಾ ಕೌಂಟರಿನ ಪಕ್ಕದ ಹಲಗೆ ಎತ್ತಿ ಒಳಗೆ ನುಗ್ಗಿ, ಗೋಡೆಯಲ್ಲಿದ್ದ ವೈಫೈ ಡಬ್ಬಿಯ ಪ್ಲಗ್ಗನ್ನು ಕಿತ್ತು ಎಸೆದಳು. ಬಾಗಿಲಲ್ಲಿ ನಿಂತಿದ್ದ ಒಬ್ಬ ಗಿರಾಕಿ ಎರಡು ಹೆಜ್ಜೆ ಹಿಂದೆ ಸರಿದ.

"ಯಾಕ್ರಿ ಅಕ್ಕಾರ, ಹೊಂಟಿತ್ತಲ್ಲರಿ?"

"ಎಲ್ಲಿಗಿ ಹೊಂಟಿತ್ತೋ? ನಿನ್ನ ಮನ್ಯಾಗಿನ ಹೆಣ್ಮಕ್ಕಳ ಫೋಟೊ ಅದಾವೇನ ಇದರಾಗ? ನಿನ್ನ ಹೇಂತಿ ಫೋನಿಗೂ ಇದ ಖಾತೆ ಹಾಕೀಯೇನ?"

"ಆಕಿಗೆ ಬ್ಯಾರೆ ಖಾತೆ ಮಾಡೇನ್ರಿ," ಎಂದ ಸಿದ್ದಾರೂಢ. ಅಂದರೆ ಇವನಿಗೆ ಗೊತ್ತಿತ್ತು. ಸುನಂದಾಳ ಸಿಟ್ಟು ನೆತ್ತಿಗೇರಿತು.

ಆಮೇಲೆ ಅವಳು ಹೇಳಿದಂತೆ ಎಲ್ಲ ನಡೆಯಿತು. ಫೋನಿನ ವೈಫೈ ಬಂದ್ ಮಾಡಿ, ಡಬ್ಬಿಯ ಪ್ಲಗ್ಗು ಮತ್ತೆ ಸಿಗಿಸಿ, ಮೊದಲು ಅವನ ಕಂಪ್ಯೂಟರಿನಲ್ಲಿ ಆ ಖಾತೆ ತೆರೆದು ನೋಡಿದರು. ಹೋದವು ಎರಡೇ, ಎರಡೂ ಡಿಪೋದ ನೋಟೀಸಿನ ಫೋಟೊ. ಅವ್ವ ಹೋಗಿರಲಿಲ್ಲ. ಸುನಂದಾ ಅಲ್ಲಿಯೇ ಸ್ಟೂಲು ಎಳೆದು ಕೂತಳು. ಕಂಪ್ಯೂಟರಿಗೇ ಫೋಟೊ ಇಳಿಸಿ ಕೊಡಲೇ ಎಂದು ಕೇಳಿದವನನ್ನು ಅವಳು ನೋಡಿದ ನೋಟಕ್ಕೆ ಅವನು ಮತ್ತೆ ಆ ಮಾತೆತ್ತಲಿಲ್ಲ. ಹಳೆಯ ಖಾತೆ ಫೋನಿನಿಂದ ಹೋಯಿತು, ಅವಳ ನಂಬರಿಗೆ ಹೊಸದು ಬಂತು. ಪಾಸ್ವರ್ಡ್ ಹಾಕುವಾಗ ಅವನನ್ನು ಗೋಡೆಯ ಕಡೆ ತಿರುಗಿ ನಿಲ್ಲಲು ಹೇಳಿ, ಮೌಸಿನಿಂದ ಒಂದೊಂದೇ ಅಕ್ಷರ ಒತ್ತಿದಳು. ಪರದೆಯಲ್ಲಿ ಗೆರೆಗಳು ಏಳಾಗಿದ್ದವು.

"ಇನ್ನ ಉಳಿದೋರಿಗೆ ಫೋನ್ ಹಚ್ಚು. ಮೊದಲ ಆ ಆಯೇಶಾನ ಮನಿಗೆ."

"ಹೊಡಿತಾರ್ರಿ ಅಕ್ಕಾರ ನನಗ."

"ಹೊಡಸ್ಕೋ."

ಅವನು ಗೋಡೆಯ ಕಡೆಗೇ ಮುಖ ಮಾಡಿ ನಂಬರು ಒತ್ತಿದ. ಆ ಕಡೆಯವರು ಎತ್ತಿದಾಗ ಎರಡು ಸಲ ಕೆಮ್ಮಿದ. ಸ್ಟ್ಯಾಂಡಿನಿಂದ ಅವಳ ಬಸ್ಸಿನ ಡ್ರೈವರ್ ಮಡಿವಾಳಪ್ಪನ ಹಾರ್ನ್ ಕೇಳಿಸಿತು, ಒಮ್ಮೆ, ಮತ್ತೊಮ್ಮೆ, ಆಮೇಲೆ ಉದ್ದಕ್ಕೆ. ಹನ್ನೊಂದು ವರ್ಷದಲ್ಲಿ ಅವಳಿಂದ ಬಸ್ಸು ಒಮ್ಮೆಯೂ ತಡವಾಗಿರಲಿಲ್ಲ.

ಸುನಂದಾ ಏಳಲಿಲ್ಲ. ತನ್ನದೇ ಡೇಟಾ ಹಚ್ಚಿ, ಆ ಒಂದು ಫೋಟೊವನ್ನೇ ಆರಿಸಿ ಹೊಸ ಖಾತೆಗೆ ಕಳಿಸಲು ಒತ್ತಿದಳು. ಗೆರೆಗಳ ನಡುವೆ ಅವ್ವ ಅಂಗಳದ ಬಿಸಿಲಿನಲ್ಲಿ ನಗುತ್ತಿದ್ದಳು, ಮೂಲೆಯಲ್ಲಿ ಚಕ್ರ ನಿಧಾನಕ್ಕೆ ತಿರುಗುತ್ತಿತ್ತು. ಬಾಗಿಲಲ್ಲಿದ್ದ ಗಿರಾಕಿ ಇಷ್ಟೆಲ್ಲ ರಂಪ ಯಾವ ಫೋಟೊಕ್ಕೆ ಎಂದು ಕತ್ತು ಉದ್ದ ಮಾಡಿದ.

ಅವಳು ಖಾಕಿ ಕೋಟಿನೊಳಗಿಂದ ಸೆರಗು ಎಳೆದು ತೆಗೆದು, ಫೋನಿನ ಮೇಲೆ ಹೊದಿಸಿ, ಎರಡೂ ಕೈ ಅದರ ಮೇಲಿಟ್ಟು ಕೂತಳು.