ಅಲಾರಂ ಕಣ್ಣಿಗೆ ಕಟ್ಟಿದ ಬಟ್ಟೆ

ಬೀದಿಯಲ್ಲಿ ಕಳ್ಳರ ಕಾಟ ಶುರುವಾದಾಗಿನಿಂದ ಟೈಲರ್ ಮಾಸ್ತರರಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಗಡಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗುವರು, ತಿರುಗಿ ಬಂದು ಬೀಗ ಜಗ್ಗಿ ನೋಡುವರು. ಒಳಗಿರುವುದೆಲ್ಲ ಊರವರ ಬಟ್ಟೆ. ಅದಕ್ಕಿಂತ ಹೆಚ್ಚಿನ ಚಿಂತೆ ಮಗಳದು. ಶಾಲೆ ಬಿಟ್ಟ ಮೇಲೆ ಅವಳು ಹಿಂಬಾಗಿಲು ತೆಗೆದು ನೇರ ಅಂಗಡಿಗೇ ಬರುತ್ತಿದ್ದಳು. ಮಾಸ್ತರರು ಮನೆಯಲ್ಲಿ ಊಟ ಮುಗಿಸಿ ಬರುವ ತನಕ ಒಳಗೆ ಅವಳೊಬ್ಬಳೇ.

ಹೆಂಡತಿಯ ಒತ್ತಾಯಕ್ಕೆ ಅಲಾರಂ ಹಾಕಿಸಿದ್ದರು. ಮುಚ್ಚಿದ ಅಂಗಡಿಯೊಳಗೆ ಯಾರಾದರೂ ಓಡಾಡಿದರೆ ಗೋಡೆಯ ಮೇಲಿನ ಸೆನ್ಸರ್‌ಗೆ ತಿಳಿಯುತ್ತದೆ, ಸೈರನ್ ಕೂಗುತ್ತದೆ, ಮಾಸ್ತರರ ಫೋನಿಗೂ ಕರೆ ಬರುತ್ತದೆ. ಮಗಳು ಮಾತ್ರ ಒಳಗೆ ಬಂದ ಕೂಡಲೇ ಗುಟ್ಟಿನ ನಂಬರ್ ಒತ್ತಿ ಅದನ್ನು ಆಫ್ ಮಾಡುತ್ತಿದ್ದಳು. ಆದರೆ ಅದು ದಿನವೂ ಅವರು ತಟ್ಟೆ ಮುಂದೆ ಕೂತ ಹೊತ್ತಿಗೇ, ಮಗಳು ಬರುವ ಮೊದಲೇ ಕೂಗುತ್ತಿತ್ತು. ಎದ್ದುಬಿದ್ದು ಓಡಿ ಬಂದರೆ ನರಪಿಳ್ಳೆಯೂ ಇಲ್ಲ.

"ಹೊಲಿಗೆ ಮಿಷನ್ನೇ ಎದ್ದು ಹೊರಟಿತ್ತೇನೋ ಮಾಸ್ತರೇ" ಎಂದು ಬೀದಿಯವರು ನಕ್ಕರು.

ಮಾಸ್ತರರಿಗೆ ರೋಸಿಹೋಯಿತು. ಯಾರಿಗೂ ಹೇಳದೆ ಸೆನ್ಸರ್‌ಗೆ ಒಂದು ತುಂಡು ಬಟ್ಟೆ ಸುತ್ತಿಬಿಟ್ಟರು. ಕಿವಿಗೆ ನೆಮ್ಮದಿಯಾಯಿತು, ಮನಸ್ಸಿಗೆ ಆಗಲಿಲ್ಲ.

ಒಂದು ಮಧ್ಯಾಹ್ನ ಬಡಿಸುತ್ತಾ ಹೆಂಡತಿ ಕೇಳಿದಳು: "ಏನ್ರೀ, ಅಲಾರಂ ಈಗ ಕೂಗೋದೇ ಇಲ್ವಲ್ಲ. ರಿಪೇರಿ ಮಾಡಿಸಿದ್ರಾ?"

"ಹ್ಞೂಂ" ಎಂದರು ಮಾಸ್ತರರು, ತಟ್ಟೆ ನೋಡುತ್ತಾ.

ಆಗ ಫೋನ್ ಬಂತು. ಪಕ್ಕದ ಔಷಧಿ ಅಂಗಡಿಯ ಅಕ್ಕ.

"ಮಾಸ್ತರೇ, ನಿಮ್ಮ ಅಂಗಡಿ ಒಳಗೆ ಏನೋ ಸದ್ದಾಗ್ತಿದೆ. ಮಗಳು ಬಂದಿದ್ದಾಳಾ?"

ಶಾಲೆ ಬಿಡುವ ಹೊತ್ತೇ ಅದು. ಮಾಸ್ತರರು ಕೈಯನ್ನೂ ತೊಳೆಯದೆ ಓಡಿದರು, ಹಿಂದೆಯೇ ಹೆಂಡತಿ. ಹಿಂಬಾಗಿಲ ಚಿಲಕ ಕಿತ್ತು ನೇತಾಡುತ್ತಿತ್ತು. ಒಳಗೆಲ್ಲ ಮಬ್ಬುಗತ್ತಲೆ.

"ಪುಟ್ಟೀ" ಎಂದು ಕೂಗಿದರು. ಉತ್ತರ ಬರಲಿಲ್ಲ. ಒಳಗೆ ನುಗ್ಗಬೇಕೆನ್ನುವಷ್ಟರಲ್ಲಿ ಔಷಧಿ ಅಂಗಡಿಯ ಅಕ್ಕ ಓಡಿಬಂದು ತೋಳು ಹಿಡಿದಳು.

"ಹೋಗ್ಬೇಡಿ. ಕಳ್ಳ ಇನ್ನೂ ಒಳಗೇ ಇದ್ರೆ? ಪೊಲೀಸರಿಗೆ ಫೋನ್ ಮಾಡಿದ್ದೀನಿ. ಮಗಳು ಈಗ ತಾನೇ ನನ್ನ ಹತ್ರ ಓಡಿ ಬಂದ್ಲು."

ಅಕ್ಕನ ಬೆನ್ನ ಹಿಂದಿನಿಂದ ಮಗಳು ಇಣುಕಿದಳು. "ಚಿಲಕ ಕಿತ್ತಿತ್ತಪ್ಪ. ಅಮ್ಮ ಹೇಳಿದ್ಲಲ್ಲ, ಹಾಗಿದ್ರೆ ಒಳಗೆ ಹೋಗಬಾರ್ದು ಅಂತ."

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಮಗಳನ್ನು ಹತ್ತಿರ ಎಳೆದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತರು.

ಪೊಲೀಸರು ಬಂದು ನೋಡುವಾಗ ಕಳ್ಳ ಇರಲಿಲ್ಲ. ಹೊಲಿದಿಟ್ಟ ಬಟ್ಟೆಯ ದೊಡ್ಡ ಗಂಟೂ ಇರಲಿಲ್ಲ. ದೀಪ ಹಾಕಿದಾಗ ಹೆಂಡತಿಯ ಕಣ್ಣು ಸೆನ್ಸರ್ ಮೇಲೆ ಬಿತ್ತು. ಅದಕ್ಕೆ ಸುತ್ತಿದ್ದುದು ಮಗಳ ಯೂನಿಫಾರಂ ಹೊಲಿದು ಉಳಿದ ನೀಲಿ ತುಂಡು.

"ಇದೇ ಏನ್ರೀ ನಿಮ್ಮ ರಿಪೇರಿ?"

"ಅದು ಸುಳ್ಳುಬುರುಕ ಕಣೇ. ದಿನಾ ಸುಮ್ಸುಮ್ನೆ ಕೂಗ್ತಿತ್ತು."

"ಸುಮ್ನೆ ಕೂಗಿಲ್ಲ ಮಾಸ್ತರೇ" ಎಂದಳು ಅಕ್ಕ. "ಬಿಸಿ ಇರೋದು ಎದುರಿಗೆ ಅಲ್ಲಾಡಿದ್ರೆ ಅದಕ್ಕೆ ಮನುಷ್ಯ ಬಂದ ಹಾಗೇ. ನೀವು ಊಟಕ್ಕೆ ಹೊರಡೋ ಮುಂಚೆ ಇಸ್ತ್ರಿ ಮಾಡ್ತೀರ, ಬಿಸಿ ಬಿಸಿ ಬಟ್ಟೇನ ಅದರ ಮೂಗಿನ ಮುಂದೇ ತೂಗು ಹಾಕ್ತೀರ. ಕಿಟಕಿ ಸಂದಿಯ ಗಾಳಿಗೆ ಬಟ್ಟೆ ತೂಗಾಡುತ್ತೆ, ಅದು ಕೂಗುತ್ತೆ. ನನ್ನ ಅಂಗಡೀಲೂ ಮೊದಲು ತೊಂದರೆ ಕೊಡ್ತಿತ್ತು. ಹಾಕಿದವರನ್ನೇ ಕರೆಸಿ ಜಾಗ ಬದಲಾಯಿಸ್ದೆ."

"ಇನ್ಮೇಲೆ ದೊಡ್ಡ ಬೀಗ ಹಾಕಿದ್ರೆ ಸಾಲದಾ?" ಎಂದರು ಮಾಸ್ತರರು.

"ಹಾಕಿ. ಆದ್ರೆ ಬೀಗ ಒಡೆಯುವಾಗ ಅದು ನಿಮಗೆ ಫೋನ್ ಮಾಡುತ್ತಾ? ಹಿಂಬಾಗಿಲಿಗೂ ಒಂದು ಸೆನ್ಸರ್ ಹಾಕಿಸಿ. ಬಾಗಿಲು ತೆರೆದ ಕೂಡ್ಲೇ ಗೊತ್ತಾಗುತ್ತೆ."

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು" ಎಂದು ಹೆಂಡತಿ ಗೊಣಗಿದಳು. ಮಾಸ್ತರರು ಕತ್ತರಿ ತಂದು ನೀಲಿ ತುಂಡನ್ನು ಕತ್ತರಿಸಿದರು.

ಮರುದಿನ ಸೆನ್ಸರ್ ಬೇರೆ ಗೋಡೆಗೆ ಹೋಯಿತು, ಹಿಂಬಾಗಿಲಿಗೂ ಒಂದು ಬಂತು. ಪರೀಕ್ಷೆಗೆಂದು ಮಗಳು ಬಾಗಿಲು ತೆರೆದಳು. ಸೈರನ್ ಬೀದಿಗೆಲ್ಲ ಕೇಳುವಂತೆ ಕಿರುಚಿತು. ಮಾಸ್ತರರು ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಅಲಾರಂ ಇದ್ದರೆ ಈಗಲೇ ಎದ್ದು ನೋಡಿ. ಬ್ಯಾಟರಿ ಇದೆಯೇ? ಎದುರಿಗೆ ಏನಾದರೂ ಅಡ್ಡ ಇದೆಯೇ? ಆಗಾಗ ಕೂಗಿಸಿ ಪರೀಕ್ಷಿಸಿ. ಸುಳ್ಳೇ ಕೂಗಿದರೆ ಬಾಯಿ ಮುಚ್ಚಿಸಬೇಡಿ, ಕಾರಣ ಹುಡುಕಿಸಿ. ಬಾಗಿಲು ಮುರಿದಿದ್ದರೆ ಒಳಗೆ ಕಾಲಿಡದೆ ಪೊಲೀಸರನ್ನು ಕರೆಯಬೇಕೆಂದು ಮಕ್ಕಳಿಗೂ ಕಲಿಸಿ. ಮಾಸ್ತರರ ಮಗಳಿಗೆ ಅವಳ ಅಮ್ಮ ಕಲಿಸಿದ್ದಳು. ಆ ಮಧ್ಯಾಹ್ನ ಅವಳನ್ನು ಕಾಪಾಡಿದ್ದು ಅದೊಂದೇ.