ಭಾನುವಾರದ ಕಾರು

"ಇಲ್ನೋಡಿ, ಎರಡೂ ಕಡೆ ಕೊಯ್ದುಬಿಟ್ಟಿದಾನೆ," ಎಂದು ಮೆಕ್ಯಾನಿಕ್ ಟಾರ್ಚನ್ನು ಮೇಲಕ್ಕೆ ಹಿಡಿದ.

ಕಾರು ಲಿಫ್ಟಿನ ಮೇಲೆ ನಾಲ್ಕೂ ಚಕ್ರ ಇಳಿಬಿಟ್ಟುಕೊಂಡು ನಿಂತಿತ್ತು. ಅದರ ಕೆಳಗೆ ಅಕ್ಕ ತಂಗಿ ಇಬ್ಬರೂ ಕತ್ತೆತ್ತಿ ನೋಡುತ್ತಿದ್ದರು. ಎಂಜಿನ್ನಿನಿಂದ ಹೊರಟ ಪೈಪು ನಡುವೆ ಥಟ್ಟನೆ ಮುಗಿದು, ಮೊಳದಷ್ಟು ಜಾಗ ಬಿಟ್ಟು ಮತ್ತೆ ಶುರುವಾಗುತ್ತಿತ್ತು.

"ಇಲ್ಲೊಂದು ಡಬ್ಬ ಇರತ್ತೆ, ಕ್ಯಾಟಲಿಟಿಕ್ ಕನ್ವರ್ಟರ್ ಅಂತ. ಹೊಗೆಯಲ್ಲಿರೋ ವಿಷ ಹೀರೋದು ಅದೇ. ಒಳಗಡೆ ಬೆಲೆಬಾಳೋ ಲೋಹ ಇರತ್ತಲ್ಲ, ಅದಕ್ಕೇ ಕದೀತಾರೆ. ಒಂದು ಟೀ ಕುಡಿಯೋಷ್ಟರಲ್ಲಿ ಕೆಲಸ ಮುಗಿಸ್ತಾರೆ ಬಡ್ಡೀಮಕ್ಕಳು. ಅಯ್ಯೋ, ತಪ್ಪು ತಿಳ್ಕೋಬೇಡಿ."

"ಇಲ್ಲ ಇಲ್ಲ, ಬೈರಿ," ಎಂದಳು ತಂಗಿ.

ಕಳುವಾದದ್ದು ಕಾರು ತಂಗಿಯ ಹತ್ತಿರವಿದ್ದ ವಾರದಲ್ಲಿ, ಅವಳು ರಕ್ತಪರೀಕ್ಷೆಯ ಕೆಲಸ ಮಾಡುವ ಆಸ್ಪತ್ರೆಯ ಹಿಂದಿನ ಪಾರ್ಕಿಂಗಿನಲ್ಲಿ. ಕೀ ತಿರುಗಿಸಿದ್ದೇ ತಡ, ಕಾರು ಬೊಬ್ಬೆ ಹೊಡೆಯಿತಂತೆ. ಕಾವಲುಗಾರ ಕೂತಿದ್ದ ಕುರ್ಚಿ ಬಿಟ್ಟು ಎದ್ದು ಓಡಿದನಂತೆ. ಇದನ್ನೆಲ್ಲ ನಗಿಸುವ ಹಾಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಅಕ್ಕನ ಮುಖ ನೋಡಿದ ಮೇಲೆ ಎರಡೇ ಮಾತಿನಲ್ಲಿ ಮುಗಿಸಿದಳು.

ಅಕ್ಕನ ಮುಖ ಅಮ್ಮ ಸತ್ತಾಗಿನಿಂದ ಹಾಗೇ ಇತ್ತು, ನಗುವೂ ಇಲ್ಲ, ಅಳುವೂ ಇಲ್ಲ. ಅವತ್ತು ಬಂದವರೆಲ್ಲ ಅತ್ತರು. ಇವಳು ಕುರ್ಚಿ ಹಾಕಿದಳು, ಕುರ್ಚಿ ತೆಗೆದಳು. ಇವತ್ತು ಅಳು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಳು. ಆಮೇಲೆ ಕಾಯುವುದನ್ನೂ ಬಿಟ್ಟಳು. ಪರದೆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪರದೆಗಳ ಅಂಚು ಹೊಲಿಯುವುದು ಅವಳ ಕೆಲಸ. ಹೊಲಿಗೆ ನೆಟ್ಟಗೇ ಬರುತ್ತಿತ್ತು. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಯಾರಾದರೂ ಹೇಗಿದ್ದೀಯ ಎಂದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದಳು, ಅದು ಸುಳ್ಳೂ ಆಗಿರಲಿಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೆ.

"ಹೊಸದು ಹಾಕಿದ್ರೆ ಕಾರಿಗಿಂತ ಡಬ್ಬಕ್ಕೇ ಜಾಸ್ತಿ ಆಗತ್ತೆ," ಎಂದ ಮೆಕ್ಯಾನಿಕ್. "ಹಳೇದು ಹುಡುಕಬಹುದು, ಸಿಗತ್ತೆ. ಇಲ್ಲಾಂದ್ರೆ ಗುಜರಿಗೆ ಕೊಟ್ಟು ಕೈ ತೊಳ್ಕೊಳ್ಳಿ. ಡಬ್ಬ ಇಲ್ದೆ ಓಡಿಸೋ ಹಾಗಿಲ್ಲ, ಹೊಗೆ ಪರೀಕ್ಷೇಲಿ ಫೇಲು. ಗುಜರಿಯವನ ಲಾರಿ ಮಧ್ಯಾಹ್ನ ಬರತ್ತೆ, ಏನೂಂತ ಹೇಳಿಬಿಡಿ."

"ಅಕ್ಕ ಹೇಳಿದ ಹಾಗೆ," ಎಂದಳು ತಂಗಿ.

"ನೀನೇ ಹೇಳು."

"ನಂಗೇನು, ನಿನ್ನಿಷ್ಟ."

"ನೀನೇ ಹೇಳು ಅಂದ್ನಲ್ಲ."

"ನನ್ನಿಷ್ಟ ಕೇಳಿದ್ರೆ ನಾನು ಊಟಕ್ಕೆ ಹೋಗ್ತೀನಿ," ಎಂದ ಮೆಕ್ಯಾನಿಕ್.

ಇಬ್ಬರ ನಡುವೆ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ವಾಸಿಯಿತ್ತು, ರಾಜಿಯಾದರೂ ಆಗಬಹುದಿತ್ತು. ಅಮ್ಮ ಇದ್ದಾಗ ಇವಳ ಸುದ್ದಿ ಅವಳಿಗೆ, ಅವಳ ಸುದ್ದಿ ಇವಳಿಗೆ ಅಮ್ಮನೇ ಮುಟ್ಟಿಸುತ್ತಿದ್ದಳು, ಉಪ್ಪುಖಾರ ಸೇರಿಸಿ. ಅಮ್ಮ ಹೋದಳು, ಮಾತಿನ ದಾರಿಯೇ ಮುಚ್ಚಿಹೋಯಿತು. ಅಮ್ಮನಿದ್ದ ಬಾಡಿಗೆ ಮನೆ ಖಾಲಿ ಮಾಡುವಾಗ ಪಾತ್ರೆ ಹಂಚಿಕೊಂಡರು, ಹೊದಿಕೆ ಹಂಚಿಕೊಂಡರು. ಅಮ್ಮನ ಕಾರನ್ನು ಸೀಳಿ ಹಂಚಲು ಬರುವುದಿಲ್ಲವಲ್ಲ! ಒಂದು ವಾರ ನಿನಗೆ, ಒಂದು ವಾರ ನನಗೆ ಎಂದಾಯಿತು.

ಹಾಗೆ ಹುಟ್ಟಿಕೊಂಡಿತು ಭಾನುವಾರ. ಒಬ್ಬಳು ಕಾರನ್ನು ಇನ್ನೊಬ್ಬಳ ಮನೆಗೆ ತಂದು, ಟೀ ಕುಡಿಯುತ್ತಾಳೆ. ಕಾರು ಪಡೆದವಳು ತಂದವಳನ್ನು ಅವಳ ಮನೆಗೆ ಬಿಟ್ಟು ಬರುತ್ತಾಳೆ. ಊರಿನ ಈ ತುದಿಯಿಂದ ಆ ತುದಿ. ದಾರಿಯಲ್ಲಿ ಆಡುವ ಮಾತೂ ಅಷ್ಟಕ್ಕಷ್ಟೇ: ಟಯರಿಗೆ ಗಾಳಿ ತುಂಬಿಸಿದೀನಿ, ಒರೆಸೋ ಬಟ್ಟೆ ಸೀಟಿನ ಕೆಳಗಿದೆ. ಬಸ್ಸಿಗೆ ಹೋಗ್ತೀನಿ ಬಿಡು ಎಂದು ಮಾತ್ರ ಇಬ್ಬರಲ್ಲಿ ಒಬ್ಬಳೂ ಒಂದು ದಿನವೂ ಅಂದಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುವುದಕ್ಕೆ ಅವರಿಗೆ ಉಳಿದಿದ್ದ ನೆಪ ಅದೊಂದೇ.

ಮೆಕ್ಯಾನಿಕ್ ಚಕ್ರವೊಂದನ್ನು ಕೈಯಿಂದ ತಿರುಗಿಸಿದ. ಅದು ಕರಕರ ಎಂದಿತು.

"ಅಲ್ಲಾ, ಈ ಗಾಡಿ ಓಡಿಸೋರು ಯಾರು ನಿಮ್ಮಲ್ಲಿ? ಬ್ರೇಕೆಲ್ಲ ತುಕ್ಕು ಹಿಡಿದಿದೆ. ನಿಂತಲ್ಲೇ ನಿಂತಿರೋ ಗಾಡಿ ಇದು."

ಅಕ್ಕ ತಂಗಿಯನ್ನು ನೋಡಿದಳು. ತಂಗಿ ಚಕ್ರವನ್ನೇ ನೋಡುತ್ತಿದ್ದಳು.

"ನಿಂಗೆ ಆಸ್ಪತ್ರೆಗೆ ಬೇಕಲ್ವಾ?" ಎಂದಳು ಅಕ್ಕ.

"ಆಸ್ಪತ್ರೆ ಬಸ್ಸು ಬರತ್ತೆ ಮನೆ ಹತ್ರ. ಅವತ್ತೊಂದಿನ ಬಸ್ ತಪ್ಪೋಯ್ತು, ತಗೊಂಡು ಹೋದೆ, ಕದ್ರು ನೋಡು." ಅಕ್ಕನ ಕಡೆ ತಿರುಗಿ ಕೇಳಿದಳು, "ನಿಂಗೆ? ಬಟ್ಟೆ ಹೊರೆ ಸಾಗಿಸೋಕೆ ಬೇಕಾಗತ್ತೆ ಅಂದ್ಕೊಂಡಿದ್ದೆ."

"ಅಂಗಡಿಯವರದ್ದೇ ವ್ಯಾನಿದೆ."

"ಮತ್ತೆ ಮೊದಲೇ ಹೇಳೋದಲ್ವಾ?"

"ನೀನೂ ಹೇಳ್ಲಿಲ್ಲ."

ಸರಿ, ಇನ್ನೇನು ಉಳಿಯಿತು? ಇಬ್ಬರಿಗೂ ಬೇಡದ ಕಾರು, ಅದಕ್ಕೆ ಅದರ ಬೆಲೆಗಿಂತ ದುಬಾರಿಯ ಡಬ್ಬ. ತಲೆ ನೆಟ್ಟಗಿರುವವರು ಯಾರೂ ಎರಡನೇ ಮಾತು ಆಡುವುದಿಲ್ಲ. "ಹಾಗಾದ್ರೆ ಕೊಟ್ಬಿಡೋಣ," ಎಂದಳು ತಂಗಿ, ಅಕ್ಕ ತಡೆಯುತ್ತಾಳೇನೋ ಎಂಬಂತೆ ನಿಧಾನವಾಗಿ. "ಹೂಂ, ಕೊಡೋಣ," ಎಂದಳು ಅಕ್ಕ. ಅವಳಿಗೆ ಏನೂ ಅನ್ನಿಸಲಿಲ್ಲ. ಕೀಲಿಕೈಯನ್ನು ಮೆಕ್ಯಾನಿಕ್‌ನ ಮೇಜಿನ ಮೇಲಿಟ್ಟು ಹೊರಗೆ ಬಂದಳು.

ಗ್ಯಾರೇಜಿನ ಮುಂದೆ ದೊಡ್ಡ ರಸ್ತೆ. ಅಕ್ಕನ ಬಸ್ಸು ಈ ಬದಿ, ತಂಗಿಯದು ಆ ಬದಿ. "ಬರ್ತೀನಿ ಅಕ್ಕ," ಎಂದು ತಂಗಿ ರಸ್ತೆ ದಾಟಿದಳು. ಆಮೇಲೆ ಇಬ್ಬರೂ ಎದುರುಬದುರು ನಿಂತರು. ಅದೊಂದು ಪೇಚಾಟ. ನೋಡಿದರೆ ಏನೋ ಹೇಳಬೇಕು, ನೋಡದಿದ್ದರೆ ಮುನಿಸಿಕೊಂಡ ಹಾಗೆ. ಅಕ್ಕ ಗ್ಯಾರೇಜಿನ ಬೋರ್ಡು ಓದಿದಳು. ಮತ್ತೊಮ್ಮೆ ಓದಿದಳು.

ತಂಗಿಯ ಬಸ್ಸು ಬಂದು ನಿಂತು, ಅವಳನ್ನು ಮರೆಮಾಡಿತು. ಆಯಿತು, ಹೋದಳು ಎಂದುಕೊಂಡಳು ಅಕ್ಕ. ಬಸ್ಸು ಹೊರಟುಹೋಯಿತು. ತಂಗಿ ಅಲ್ಲೇ ನಿಂತಿದ್ದಳು.

ಅಕ್ಕನ ಎದೆಯಲ್ಲಿ ಏನೋ ಧಸಕ್ಕೆಂದಿತು. ಅದು ಎಷ್ಟು ಹೊಸದಾಗಿತ್ತೆಂದರೆ ಮೈಗೆ ಹುಷಾರಿಲ್ಲವೇನೋ ಎಂದುಕೊಂಡು ಕಂಬ ಹಿಡಿದಳು.

"ಅಕ್ಕಾ!" ತಂಗಿ ಆ ಬದಿಯಿಂದ ಕೂಗಿದಳು. ನಡುವೆ ಲಾರಿಗಳು, ಕಾರುಗಳು, ಹಾರ್ನು. "ಭಾನುವಾರ ಏನ್ಮಾಡೋದು?"

ಹಾದಿಯಲ್ಲಿದ್ದವರು ತಿರುಗಿ ನೋಡಿದರು. ಅಕ್ಕ ಕಂಬ ಬಿಟ್ಟು ರಸ್ತೆಯ ಅಂಚಿಗೆ ಬಂದಳು. ಇನ್ನು ಮೇಲೆ ಭಾನುವಾರ ಯಾರೂ ಬರುವುದಿಲ್ಲ. ಅಮ್ಮನೂ ಇಲ್ಲ, ಇವಳೂ ಇಲ್ಲ. ಆ ಮಾತು ಈಗ, ಇಷ್ಟು ತಡವಾಗಿ, ಅಕ್ಕನಿಗೆ ಅರ್ಥವಾಯಿತು.

"ಡಬ್ಬ ಹಾಕ್ಸೋಣ ಕಣಕ್ಕಾ!" ತಂಗಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು. "ಹಳೇದೇ ಹಾಕ್ಸೋಣ! ಕೇಳಿಸ್ತಾ?"

"ಹೂಂ," ಎಂದಳು ಅಕ್ಕ. ಅದು ಅವಳಿಗೇ ಕೇಳಿಸಲಿಲ್ಲ. ಜೋರಾಗಿ ತಲೆಯಾಡಿಸಿದಳು. ಆಡಿಸುತ್ತಿದ್ದಂತೆ ಕಣ್ಣು ತುಂಬಿ, ಎದುರಿನ ರಸ್ತೆ ಕಲಸಿಹೋಯಿತು.

ಅಷ್ಟರಲ್ಲಿ ಅವಳ ಬಸ್ಸು ಬಂದು ಬಾಗಿಲು ತೆರೆಯಿತು. ಡ್ರೈವರ್ ಅವಳ ಒದ್ದೆ ಮುಖವನ್ನೇ ನೋಡಿದ. "ಬರ್ತೀರೇನಮ್ಮಾ?"

ಅವಳು ಇಲ್ಲವೆಂದು ಕೈಯಾಡಿಸಿದಳು. ಬಾಗಿಲು ಮುಚ್ಚಿತು. ಬಸ್ಸು ಸರಿದಾಗ ತಂಗಿ ಆಗಲೇ ರಸ್ತೆಯ ನಡುವಿನ ಕಟ್ಟೆಯ ಮೇಲಿದ್ದಳು, ಚೀಲವನ್ನು ಎದೆಗವಚಿಕೊಂಡು, ಬರುವ ವಾಹನಗಳಿಗೆಲ್ಲ ಒಂದು ಕೈ ಅಡ್ಡ ಹಿಡಿದು.