ಅಳಿಸದ ಹಿಡಿತ

ಬಿಳಿ ಬಿಳಿಯಾಗಿ ಏನೋ ಹತ್ತಿರ ಬರುತ್ತಿದೆ, ನರ್ಸಮ್ಮನೇ ಇರಬೇಕು, ಪೊರೆ ಬಂದ ಕಣ್ಣಿಗೆ ಎಲ್ಲರೂ ಮಂಜಿನೊಳಗೆ ಓಡಾಡುವವರೇ — ಕೈ ಕೊಡಿ ಅಜ್ಜಿ, ಬಿಪಿ ನೋಡೋಣ — ಕೊಟ್ಟೆ, ಎರಡು ಸಲ ಇದೇ ಕುರ್ಚಿಯಿಂದ ವಾಪಸ್ಸಾಗಿದ್ದೇನೆ, ಇವತ್ತೂ ಏರಿದರೆ ಕಣ್ಣಿನ ಆಪರೇಷನ್ ಇಲ್ಲ, ಇನ್ನೊಂದು ಮಾತ್ರೆ ಅಷ್ಟೇ — ನಮ್ಮತ್ತೆಗೆ ನಿಮ್ಮನ್ನ ಕಂಡ್ರೇ ಬಿಪಿ ಸಿಸ್ಟರ್, ಮನೇಲಿ ನನ್ನ ಅಡುಗೆ ತಿಂದೂ ಏರಲ್ಲ — ಸೊಸೆ ನಗುತ್ತಾಳೆ, ಒಳ್ಳೆಯವಳು, ನನಗಾಗಿ ರಜೆ ಹಾಕಿ ಬಂದಿದ್ದಾಳೆ, ಪಟ್ಟಿ ಸುತ್ತಿಯಾಯಿತು, ಪುಸ್ ಪುಸ್, ತೋಳು ಬಿಗಿಯುತ್ತಿದೆ, ಸರಿಯಾಗಿ ಅಲ್ಲೇ, ನಮ್ಮನೆಯವರು ಹಿಡಿಯುತ್ತಿದ್ದುದೂ ಅಲ್ಲೇ, ಹೊಡೆಯುತ್ತಿರಲಿಲ್ಲ, ಬರೀ ಹಿಡಿದುಕೊಳ್ಳುತ್ತಿದ್ದರು, ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ನಗ್ತಿದ್ದೆ, ಉತ್ತರ ಕೊಟ್ಟಷ್ಟೂ ಬಿಗಿ — ಅವರು ತೀರಿಕೊಂಡು ಎಷ್ಟೋ ಕಾಲವಾಯಿತು, ನನ್ನ ಮೈಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ, ಹೊಟ್ಟೆಯ ಉರಿಗೆ, ತಲೆನೋವಿಗೆ, ಮರಗಟ್ಟುವ ಭುಜಕ್ಕೆ ಒಂದೊಂದು ಮಾತ್ರೆ ನುಂಗಿಕೊಂಡೇ ಬಂದೆ, ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ, ಸೊಸೆಗೆ ಅವರು ಫೋಟೋದಲ್ಲಿ ನಗುವ ಮಾವ, ಹಾಗೇ ಇರಲಿ ಎಂದುಕೊಂಡಿದ್ದೆ — ಉಸಿರು ಬಿಡಿ ಅಜ್ಜಿ, ಯಾಕೆ ಹೀಗೆ ನಡುಗ್ತಿದ್ದೀರ — ಅಲ್ಲಿ ಹಿಡಿದರೆ ನನಗಾಗಲ್ಲ ಕಣಮ್ಮ, ಒಬ್ಬರು ಹಿಡೀತಿದ್ರು, ಅಂದೆನೇ, ಅಂದೇಬಿಟ್ಟೆ, ಸೊಸೆಯ ನಗು ನಿಂತುಹೋಯಿತು.

ಯಾರು ಎಂದು ನರ್ಸಮ್ಮ ಕೇಳಲಿಲ್ಲ, ಚರ್ರನೆ ಪಟ್ಟಿ ಬಿಚ್ಚಿದಳು, ನೀರು ಕೊಟ್ಟಳು, ಪಕ್ಕದಲ್ಲಿ ಕೂತಳು, ಕೆಲಸವೇ ಇಲ್ಲದವಳ ಹಾಗೆ, ಆಮೇಲೆ ಪಟ್ಟಿಯನ್ನು ಮೆಲ್ಲಗೆ ಸುತ್ತಿ ಗಾಳಿ ಒತ್ತುವ ರಬ್ಬರ್ ಗುಂಡನ್ನು ನನ್ನ ಇನ್ನೊಂದು ಕೈಗೇ ಕೊಟ್ಟಳು, ನೀವೇ ಒತ್ತಿ ಅಜ್ಜಿ, ಸಾಕು ಅನ್ನಿಸಿದ ತಕ್ಷಣ ಹೇಳಿ, ಬಿಟ್ಟುಬಿಡ್ತೀನಿ — ಸಾಕು ಅಂದರೆ ಬಿಡುವ ಹಿಡಿತವೂ ಲೋಕದಲ್ಲಿ ಉಂಟೇ, ಒತ್ತಿದೆ, ಬಿಗಿಯಿತು, ಇನ್ನಷ್ಟು ಒತ್ತಿದೆ, ನನ್ನ ಕೈಯೇ ಅಲ್ಲವೇ, ಹೆದರಿಕೆ ಬಾಗಿಲ ತನಕ ಬಂದು ನಿಂತಿತು, ಒಳಗೆ ಬರಲಿಲ್ಲ, ಗಾಳಿ ಸುಯ್ಯೆಂದು ಇಳಿಯಿತು, ಇಷ್ಟಿದ್ರೆ ಸಾಕಜ್ಜಿ, ಡಾಕ್ಟರು ಒಪ್ತಾರೆ, ಏಳಿ — ಎಂದಿನಂತೆ ನನ್ನ ತೋಳಿಗೆ ಬಂದ ಸೊಸೆಯ ಕೈ ಅರ್ಧದಲ್ಲೇ ನಿಂತಿತು, ಅಂಗೈ ಬಿಚ್ಚಿ ಮುಂದೆ ಚಾಚಿತು, ಬನ್ನಿ ಅತ್ತೆ, ಬೇಕಾದ್ರೆ ಹಿಡ್ಕೊಳ್ಳಿ, ನಾನೇ ಹಿಡಿದುಕೊಂಡೆ, ಬೆಚ್ಚಗಿತ್ತು, ಒಳಗೆ ಮಲಗಿಸಿದರು, ಕಣ್ಣಿಗೆ ತಣ್ಣನೆಯ ಹನಿ ಬಿತ್ತು, ಮುಚ್ಕೊಳ್ಳಿ ಅಜ್ಜಿ, ಮುಚ್ಚಿದೆ, ಮುಚ್ಚಿದಾಗಲೆಲ್ಲ ಬರುವುದು ಇವತ್ತೂ ಬಂತು, ತೋಳಿನ ಒಳಮಗ್ಗುಲಿಗೆ ಊರಿದ ಅವರ ಹೆಬ್ಬೆರಳು, ಒತ್ತಿ ಒತ್ತಿ ರಕ್ತ ಇಳಿದು ಬೆಳ್ಳಗಾದ ಉಗುರು, ನೀಟಾಗಿ ಕತ್ತರಿಸಿದ್ದು, ಮಂಜಿಲ್ಲದೆ ಕಾಣುವುದು ಅದೊಂದೇ, ಆ ಉಗುರು —